ತಲೆಕೆಳಗಾದ ಎಂಟು

"ಈ ಹೆಂಗಸ ಯಾರು?"

ಗುಲ್ಜಾರಬಿ ಕೇಳಿದಳು. ಒಣಗಲೆಂದು ಹಗ್ಗಕ್ಕೆ ಸಿಕ್ಕಿಸಿದ್ದ ಫೋಟೋ ಈಗ ಅವಳ ಕೈಯಲ್ಲಿತ್ತು. ಅದರಲ್ಲಿ ಅವಳದೇ ಮುಖ. ಆ ಮುಖದೊಳಗಿಂದ ಮತ್ತೊಬ್ಬಳು ನಗುತ್ತಿದ್ದಳು!

ಧಾರವಾಡದ ಆ ಪುಟ್ಟ ಫೋಟೋ ಅಂಗಡಿಯ ಹುಸೇನಬಾಷಾ ತಲೆ ತಗ್ಗಿಸಿದ.

"ನೂರಜಹಾನ... ನನ್ನ ಹೆಂಡ್ತಿ. ತೀರಿಕೊಂಡಾಕಿ."

ಇದೇ ಹುಸೇನಬಾಷಾನ ಸಂಬಂಧವನ್ನು ರಸೂಲಸಾಬ ಕಾಕಾ ಗುಲ್ಜಾರಬಿಯ ಮನೆಗೆ ತಂದಿದ್ದರು. ಎರಡನೇ ಸಂಬಂಧವೆಂದು ಓಣಿಯವರು ಮೂಗು ಮುರಿದರೂ ಅವಳಿಗೆ ಒಳಗೊಳಗೇ ಆಸೆ. ಸೇನೆ ಸೇರಿದ ತಮ್ಮನಿಗೆ ಫೋಟೋ ಕಳಿಸಬೇಕಿತ್ತು, ನಿಜ. ಆದರೆ ಊರಲ್ಲಿ ಬೇರೆ ಅಂಗಡಿ ಇರಲಿಲ್ಲವೇ? ಇವತ್ತು ಸಂಜೆ ಅಬ್ಬಾ ಉತ್ತರ ಹೇಳಬೇಕು.

ಮೊನ್ನೆ ಅಮ್ಮನ ಜೊತೆ ತೆಗೆಸಿದ ಫೋಟೋ ಚೆನ್ನಾಗಿಯೇ ಬಂದಿತ್ತು. ಅದಕ್ಕೂ ಮೊದಲು ಅವಳೊಬ್ಬಳೇ ಕೂತದ್ದು ಮಾತ್ರ ಹೀಗೆ...

'ಸತ್ತವಳ ಜಾಗದಲ್ಲಿ ನನ್ನನ್ನು ಕೂರಿಸಿ ನೋಡಿದನಾ? ಜೀವನವಿಡೀ ನನ್ನಲ್ಲಿ ಅವಳನ್ನೇ ಹುಡುಕುತ್ತಾನಾ?'

"ಬೇಕಂತನ ಒಂದರ ಮ್ಯಾಲ ಒಂದ ತಗದೀರಿ, ಹೌದಿಲ್ಲೊ?"

"ಖುದಾ ಕಸಮ್, ಇಲ್ರಿ!"

ಹೊಸ್ತಿಲಲ್ಲಿ ಕೂತಿದ್ದ ತಾಯಿ ತಾಜಬಿ ಎದ್ದರು. "ನಡಿ ಬೇಟಿ, ಹೋಗೂಣು."

"ತಡಿ ಅಮ್ಮಾ. ಇವರ ಬಾಯಿಂದನ ಕೇಳ್ತೇನಿ."

ಹುಸೇನಬಾಷಾ ಮೆಲ್ಲಗೆ ಹೇಳಿದ. "ಯುದ್ಧ ನಡದೈತಿ, ಹೊಸಾ ರೀಲ ಎಲ್ಲೂ ಸಿಗವಲ್ವು. ನಿಮಗ ಇಲ್ಲ ಅನ್ನಾಕ ಮನಸ್ಸ ಬರಲಿಲ್ಲ. ಪೆಟಿಗ್ಯಾಗ ಪೂರ್ತಿ ಮುಗೀಲಾರದ್ದೊಂದ ರೀಲ ಇತ್ತು. ಆಕಿ ಫೋಟೋ ಅದರಾಗಿತ್ತು. ಆಕಿ ಹೋದ ಮ್ಯಾಲ ತೊಳಿಯಾಕ ಧೈರ್ಯ ಆಗ್ಲಿಲ್ರಿ. ಕತ್ತಲ್ಯಾಗ ಬಿಚ್ಚಿ, ತಿರುಗಿ ಸುತ್ತಿ, ಮುಂದ ಎಷ್ಟನೇದರಿಂದ ತಗೀಬೇಕಂತ ಚೀಟಿ ಹಚ್ಚಿ ಇಟ್ಟಿದ್ದೆ."

ಆ ಚೀಟಿಯನ್ನು ಅವಳ ಮುಂದಿಟ್ಟ. ಉರ್ದುವಿನಲ್ಲಿ ಒಂದೇ ಒಂದು ಅಂಕಿ.

ಉರ್ದು ಶಾಲೆಯಲ್ಲಿ ಪಾಠ ಹೇಳುವ ಗುಲ್ಜಾರಬಿ ಅದನ್ನು ನೋಡಿದಳು. ಏಳು. ತಿರುಗಿಸಿ ಹಿಡಿದಳು. ಎಂಟು! ಉರ್ದುವಿನ ಎಂಟನ್ನು ತಲೆಕೆಳಗು ಮಾಡಿದರೆ ಏಳೇ. ಅವಳ ತರಗತಿಯ ಮಕ್ಕಳು ಪಾಟಿಯ ಮೇಲೆ ದಿನಾ ಇದೇ ತಪ್ಪು ಮಾಡಿ ಬೈಸಿಕೊಳ್ಳುತ್ತಿದ್ದರು.

"ಎಂಟ ಹೋಗಿ ಏಳಂತ ಓದಿದ್ರೇನು?"

"ಹೂಂರಿ. ಏಳನೇ ಫೋಟೋದಾಗ ಆಕಿ ಇದ್ಲು."

"ಆಕಿದು ಬ್ಯಾರೆ ಫೋಟೋ ಅದಾವಲ್ಲಾ?"

"ಒಂದೂ ಇಲ್ರಿ. ಊರ ಮಂದೀದೆಲ್ಲಾ ತಗದೆ. ಮನ್ಯಾಕಿದು ನಾಳೆ ತಗದ್ರಾತು ಅಂದೆ..."

ದೀಪದ ಬುಡದಲ್ಲೇ ಕತ್ತಲೆ ಅನ್ನುವುದು ಇದಕ್ಕೇ ಇರಬೇಕು. ಗುಲ್ಜಾರಬಿಯ ಸಿಟ್ಟು ಜರ್ರನೆ ಇಳಿಯಿತು. ತನಗೆ ಇಲ್ಲ ಅನ್ನಲಾರದೆ ಈ ಮನುಷ್ಯ ಹೆಂಡತಿಯ ಒಂದೇ ಒಂದು ಫೋಟೋ ಕಳೆದುಕೊಂಡಿದ್ದ! ಅವಳ ಕಣ್ಣು ತುಂಬಿದವು.

"ನನ್ನ ಮ್ಯಾಲ ಸಿಟ್ಟ ಬರಲಿಲ್ಲೇನ್ರಿ?"

"ಮೊದಲ ಆಕಿ ಸಲುವಾಗಿ ಅತ್ತೆ. ಆಮ್ಯಾಲ... ನಿಮ್ಮ ಮಾರಿ ನೋಡ್ಕೋತ ಕುಂತೆ. ಆಕಿನ್ನ ಮರಿಯಾಕ ಆಗೂದಿಲ್ರಿ, ಸುಳ್ಳ್ಯಾಕ ಹೇಳ್ಲಿ? ಆದ್ರ ಆಕಿ ಬದಲಿಗಂತ ನಿಮ್ಮನ್ನ ಕೇಳಿಲ್ಲ. ನೀವ ಬೇಕಂತ ಕೇಳೇನಿ."

ತಾಜಬಿ ಸೆರಗಿನಿಂದ ಕಣ್ಣೊರೆಸಿಕೊಂಡು ರಸ್ತೆಯ ಕಡೆ ಮುಖ ಮಾಡಿದರು.

ಗುಲ್ಜಾರಬಿ ಫೋಟೋವನ್ನು ಬೆಳಕಿಗೆ ಹಿಡಿದಳು.

"ನೂರಜಹಾನ ಅಕ್ಕಾ ಎಷ್ಟ ಛಂದ ನಗಾಕತ್ತಾಳ... ನಾನ್ಯಾಕ ಹಿಂಗ ಮಾರಿ ಗಂಟ ಹಾಕ್ಕೊಂಡೇನಿ?"

"ಅವತ್ತ ನೀವು ಅಂಜಿದ್ರಿ."

"ಹೂಂ... ಸಂಜಿಕ ಅಬ್ಬಾ ಒಪ್ಪಿಗಿ ಹೇಳಿ ಕಳಸ್ತಾರ."

"ಮತ್ತ ನೀವು?"

"ನಾ ಹೂಂ ಅಂದ ಮ್ಯಾಲಲ್ಲೇನ್ರಿ ಅವರು ಹೇಳೂದು!"