ಅರ್ಧ ಇಳಿದ ಷಟರ್

ನಮ್ಮ ಬೀದಿಯ ಫೋಟೋ ಫ್ರೇಮ್ ಅಂಗಡಿಯ ಗೋಡೆಯ ಮೇಲೆ ನನ್ನ ಟೈಲರ್ ಅಂಗಡಿ ನೇತಾಡುತ್ತಿತ್ತು. ಒಂದು ಗೇಣು ಎತ್ತರ, ಪೂರ್ತಿ ಮರದ್ದು. ಒಡೆದ ಮೆಟ್ಟಿಲು, ವಾಲಿದ ಬೋರ್ಡು, ಮೇಲಿನ ಕಿಟಕಿಯಲ್ಲಿ ನಾನು ಒಣಹಾಕುವ ಟವೆಲ್ಲು, ಎಲ್ಲವೂ ಇದ್ದವು. ಷಟರ್ ಮಾತ್ರ ಅರ್ಧ ಇಳಿದಿತ್ತು.

ನನಗೆ ಮೈಯೆಲ್ಲ ಉರಿಯಿತು. ಅಂಗಡಿ ಮುಚ್ಚಿ ಅಕ್ಕನ ಊರಿಗೆ ಹೋಗುವುದೆಂದು ನಾನು ತೀರ್ಮಾನಿಸಿ ವಾರವಾಗಿತ್ತು, ಇಲ್ಲಿ ಯಾರಿಗೂ ಹೇಳಿರಲಿಲ್ಲ. ಯಾರೋ ಅದನ್ನು ಆಗಲೇ ಗೋಡೆಗೆ ತೂಗುಹಾಕಿದ್ದರು.

ಪಕ್ಕದಲ್ಲೇ ಒಬ್ಬರು ಮರದ ಬಸ್ ಸ್ಟಾಪೊಂದನ್ನು ಮೊಳೆಗೆ ಸಿಕ್ಕಿಸುತ್ತಿದ್ದರು. ಬಾಗಿಲು ಕಾರ್ಖಾನೆಯಲ್ಲಿ ಬಡಗಿ ಎಂದ ಫ್ರೇಮ್ ಅಂಗಡಿಯವನು. ಉಳಿದ ಚೂರುಗಳಲ್ಲಿ ಬೀದಿಯ ಕಟ್ಟಡಗಳನ್ನು ಮಾಡುತ್ತಾರಂತೆ.

"ರೀ, ನನ್ನ ಅಂಗಡಿ ಬಾಗಿಲು ಹಾಕೋಕೆ ನೀವ್ಯಾರು?"

ಅವರು ತಿರುಗಿದರು. ರೆಪ್ಪೆಯ ಮೇಲೆಲ್ಲ ಮರದ ಪುಡಿ. "ನಾನೆಲ್ಲಿ ಹಾಕಿದೆ? ಡ್ಯೂಟಿ ಮುಗಿಸಿ ಎದ್ದೂ ಬಿದ್ದೂ ಬರ್ತೀನಿ. ಅಷ್ಟೊತ್ತಿಗೆ ನೀವು ಅರ್ಧ ಎಳೆದಿರ್ತೀರಿ. ನೋಡಿದ ಹಾಗೇ ಮಾಡ್ದೆ."

"ಕೂಗಬಹುದಿತ್ತಲ್ಲ?"

"ಒಂದು ಗುಂಡಿಗೋಸ್ಕರನಾ?" ಶರ್ಟಿನ ಎರಡನೇ ಗುಂಡಿಯ ಜಾಗದಲ್ಲಿ ಸೇಫ್ಟಿ ಪಿನ್ ಇತ್ತು. "ನಿಮ್ಮ ಮುಖ ನೋಡಿದ್ರೆ ಕೂಗೋಕೆ ಮನಸ್ಸೇ ಬರ್ತಿರಲಿಲ್ಲ. ಅಷ್ಟು ಸುಸ್ತಾಗಿರ್ತಿದ್ರಿ."

"ಎಷ್ಟು ದಿನದಿಂದ ಈ ಪಿನ್ನು?"

"ಎರಡು ವರ್ಷ ಆಗಿರಬೇಕು."

ನಗು ಬಂತು, ನಗುವಷ್ಟು ತ್ರಾಣವಿರಲಿಲ್ಲ. ಅವರು ಅಂಗಡಿಯನ್ನು ಗೋಡೆಯಿಂದ ಇಳಿಸಿ ಕಂಕುಳಲ್ಲಿಟ್ಟುಕೊಂಡರು. "ಸರಿಮಾಡಿ ತರ್ತೀನಿ."

ಭಾನುವಾರ ಮಧ್ಯಾಹ್ನ ನನ್ನ ಅಂಗಡಿಗೆ ಬಂದರು. ನಾನು ದಾರದ ಉಂಡೆಗಳನ್ನು ಡಬ್ಬಕ್ಕೆ ತುಂಬುತ್ತಿದ್ದೆ. ಡಬ್ಬಗಳನ್ನು ನೋಡಿದರು. ಮರದ ಅಂಗಡಿಯನ್ನು ಮೇಜಿನ ಮೇಲಿಟ್ಟು ಷಟರನ್ನು ಬೆರಳಿನಿಂದ ಎತ್ತಿದರು. ಈಗ ಅದು ಮೇಲೆ ಕೆಳಗೆ ಆಡುತ್ತಿತ್ತು. ಒಳಗೆ ಉಗುರಿನಷ್ಟು ಹೊಲಿಗೆ ಯಂತ್ರ, ಎರಡು ಸ್ಟೂಲು.

"ಇಲ್ಲಿರೋದು ಒಂದೇ ಸ್ಟೂಲು."

"ಗೊತ್ತು. ಇನ್ನೊಂದು ನಾನು ಸೇರಿಸಿದ್ದು." ಅವರ ಕಿವಿ ಕೆಂಪಾಯಿತು. ಜೇಬಿನಿಂದ ಗಮ್ ಬಾಟಲಿ ತೆಗೆದರು. "ಗೋಡೆ ಮೇಲಿರೋದು ಅಲ್ಲಾಡಬಾರದು. ಷಟರ್ ಎಲ್ಲಿ ನಿಲ್ಲಬೇಕು ಹೇಳಿ, ಅಂಟಿಸಿಬಿಡ್ತೀನಿ."

ನಾನು ಹೇಳಲೇಬೇಕಾಯಿತು. "ಮುಂದಿನ ತಿಂಗಳು ಅಕ್ಕನ ಊರಿಗೆ ಹೋಗ್ತಿದೀನಿ. ಹದಿನೈದು ವರ್ಷ ಒಬ್ಬಳೇ ಈ ಷಟರ್ ಎತ್ತಿ ಇಳಿಸಿ ಸಾಕಾಗಿದೆ."

ಅವರು ಬಾಟಲಿಯನ್ನು ಮೇಜಿನ ಮೇಲಿಟ್ಟರು.

"ನನಗೂ ಸಾಕಾಗಿದೆ. ದಿನಾ ಬಾಗಿಲು ಮಾಡ್ತೀನಿ, ಒಂದರೊಳಗೂ ಹೋಗಿದ್ದಿಲ್ಲ. ಇದೊಂದರೊಳಗೆ ಬರಬೇಕು ಅಂತಿತ್ತು. ನೀವಂದ್ರೆ ಇಷ್ಟ. ಸುತ್ತಿ ಬಳಸಿ ಹೇಳೋಕೆ ಶಕ್ತಿ ಇಲ್ಲ ನನ್ನಲ್ಲಿ."

ಇಷ್ಟು ಸೋತ ದನಿಯಲ್ಲಿ ಯಾರಾದರೂ ಪ್ರೀತಿ ಹೇಳುತ್ತಾರೆಂದು ನನಗೆ ಗೊತ್ತಿರಲಿಲ್ಲ. ನನ್ನ ಸುಸ್ತಿಗೆ ಅದೇ ಹಿತವಾಗಿತ್ತು. ಸೂಜಿಗೆ ದಾರ ಪೋಣಿಸಿದೆ. ಮೂರನೇ ಸಲಕ್ಕೆ ಹೋಯಿತು.

"ಹತ್ತಿರ ಬನ್ನಿ. ಶರ್ಟ್ ಬಿಚ್ಚಬೇಡಿ, ಹಾಗೇ ನಿಂತ್ಕೊಳ್ಳಿ."

"ಚುಚ್ಚತ್ತಾ?"

"ಅಲ್ಲಾಡಿದ್ರೆ ಚುಚ್ಚತ್ತೆ."

ಪಿನ್ನು ಬಿಚ್ಚಿ ಗುಂಡಿ ಹೊಲಿದೆ. ಅವರಿಂದ ವಾರ್ನಿಷ್ ವಾಸನೆ ಬರುತ್ತಿತ್ತು. ನನ್ನ ಬೆರಳ ಕೆಳಗೆ ಅವರ ಎದೆ ಜೋರಾಗಿ ಬಡಿಯುತ್ತಿತ್ತು. ದಾರ ಕಚ್ಚಿ ತುಂಡು ಮಾಡಲು ಬಗ್ಗಿದೆ. ಹಣೆ ಅವರ ಎದೆಗೆ ತಾಗಿತು. ದಾರ ತುಂಡಾಯಿತು, ನಾನು ತಲೆ ಎತ್ತಲಿಲ್ಲ. ಅವರೂ ಅಲ್ಲಾಡಲಿಲ್ಲ.

"ಎಲ್ಲಿಗೆ ಅಂಟಿಸಲಿ?" ಮೆಲ್ಲಗೆ ಕೇಳಿದರು.

"ಅಂಟಿಸಬೇಡಿ. ಬೆಳಿಗ್ಗೆ ನಾನು ಎತ್ತುತ್ತೀನಿ. ಸಂಜೆ ನೀವು ಬಂದಮೇಲೆ ಇಬ್ಬರೂ ಇಳಿಸೋಣ. ಅಲ್ಲೀವರೆಗೆ ಕಾಯ್ತೀನಿ."

"ಅಕ್ಕನಿಗೆ ಏನಂತೀರಿ?"

"ಗುಂಡಿ ಹೊಲಿಯೋದಿದೆ ಅಂತೀನಿ."

"ಅದು ಮುಗೀತಲ್ಲ."

ಹೇಳಿದ ಮೇಲೆ ಅವರೇ ಒಂದು ಗಳಿಗೆ ಯೋಚಿಸಿದರು. ಆಮೇಲೆ ತಮ್ಮ ಶರ್ಟಿನ ಮೂರನೇ ಗುಂಡಿಯನ್ನು ಕಿತ್ತು ನನ್ನ ಅಂಗೈಯಲ್ಲಿಟ್ಟರು.