ಬರ್ಟಿ ತಾತನ ಸೊಟ್ಟ ಬಾಯಿ

"ಬಾಯಿ ಸೊಟ್ಟ ಆಯ್ತಂತೆ, ಬಾಯಿ!" ನೂಲಾ ಹೊಟ್ಟೆ ಹಿಡಿದುಕೊಂಡು ನಕ್ಕಳು. "ಅಜ್ಜಿ, ಬರ್ಟಿ ತಾತನ ಬಾಯಿ ಮೊದಲಿಂದಲೂ ಸೊಟ್ಟ. ಅವರ ಸ್ಕೂಲ್ ಫೋಟೋ ನೋಡಿದೀನಿ."

ಅಜ್ಜಿ ಆಲೂಗಡ್ಡೆ ಸಿಪ್ಪೆ ಹೆರೆಯುವುದನ್ನು ನಿಲ್ಲಿಸಲಿಲ್ಲ. "ಕೋಟೆಯ ಮುಳ್ಳುಮರಕ್ಕೆ ಕೊಡಲಿ ಹಾಕಿದ. ಅವರು ಸುಮ್ನೆ ಬಿಡ್ತಾರಾ?"

'ಅವರು' ಎಂದರೆ ಹೊಲದ ಹಳೇ ಕೋಟೆಯಲ್ಲಿ ಇರುವ ಕಿನ್ನರರು. ಹೆಸರು ಹಿಡಿದು ಕರೆದರೆ ಸಿಟ್ಟಾಗುತ್ತಾರಂತೆ!

"ಅಲ್ಲಿ ಯಾರೂ ಇಲ್ಲ! ಸಾವಿರ ವರ್ಷದ ಹಿಂದೆ ಯಾರೋ ರೈತರು ಮನೆ ಕಟ್ಕೊಂಡು, ದನಗಳ್ಳರು ಬರದೇ ಇರ್ಲಿ ಅಂತ ಸುತ್ತ ಮಣ್ಣಿನ ಗೋಡೆ ಹಾಕಿದ್ರು, ಅಷ್ಟೆ. ನಮ್ಮ ಮಿಸ್ ಹೇಳಿದಾರೆ. ಅದನ್ನ ಯಾರೂ ಕೆಡವೋ ಹಾಗಿಲ್ಲ, ಕಾನೂನೇ ಇದೆ."

ಅಜ್ಜಿಯದು ಬರೀ ಅಡುಗೂಲಜ್ಜಿ ಕತೆ ಎಂದು ನೂಲಾಳಿಗೆ ತಾತ್ಸಾರ.

ಆಗಲೇ ಹೊಲದ ಕಡೆಯಿಂದ ಗುಡುಗುಡು ಸದ್ದು ಕೇಳಿಸಿತು. ಫಿಂಟನ್ ಚಿಕ್ಕಪ್ಪನ ಜೆಸಿಬಿ! ನೂಲಾ ಬೂಟು ಸಿಕ್ಕಿಸಿಕೊಂಡು ಓಡಿದಳು.

ಹುಲ್ಲುಗಾವಲಿನ ನಡುವೆ ಬಳೆಯಂತೆ ದುಂಡಗಿನ ಮಣ್ಣಿನ ದಿಬ್ಬ, ಅದೇ ಕೋಟೆ; ಅದರ ಮೇಲೊಂದು ಮುಳ್ಳುಮರ. ಜೆಸಿಬಿ ಅದರ ಎದುರಿಗೇ ನಿಂತಿತ್ತು.

"ಚಿಕ್ಕಪ್ಪ, ನಿಲ್ಸು! ಅದನ್ನ ಕೆಡವೋ ಹಾಗಿಲ್ಲ. ಕಾನೂನು..."

"ಕಾನೂನಂತೆ!" ಚಿಕ್ಕಪ್ಪ ಮೂಗು ಮುರಿದ. "ಡಬ್ಲಿನ್‌ನಲ್ಲಿ ಕೂತು ಟೀ ಕುಡಿಯೋರಿಗೆ ನನ್ನ ಹೊಲ ಕಾಣುತ್ತಾ? ಈ ಗುಡ್ಡೆ ಸುತ್ತಿ ಸುತ್ತಿ ಹುಲ್ಲು ಕೊಯ್ದು ಸಾಕಾಗಿದೆ. ನಾಳೆಯಿಂದ ನೀನು, ನಿನ್ನ ಮಿಸ್ಸು ಬಂದು ಕೊಯ್ತೀರಾ?"

ನೂಲಾಳ ಕಿವಿ ಬಿಸಿಯಾಯಿತು. ಮಿಸ್ ಹೇಳಿದ ಒಂದು ಮಾತೂ ಈ ಮನುಷ್ಯನ ಮುಂದೆ ನಡೆಯಲಿಲ್ಲ. ಒಂದು ಸಲ ಜೆಸಿಬಿಯ ಬಕೆಟ್ ಇಳಿದರೆ ಸಾವಿರ ವರ್ಷದ ಕೋಟೆ ಮಣ್ಣುಪಾಲು. ಅವಳಿಗೆ ಅಳುವೇ ಬಂತು.

ಆದರೆ ಬಕೆಟ್ ಇಳಿಯಲಿಲ್ಲ. ಚಿಕ್ಕಪ್ಪ ಮುಳ್ಳುಮರವನ್ನೇ ನೋಡುತ್ತಾ ಹಣೆ ಒರೆಸಿಕೊಂಡ. ಅಷ್ಟು ಹೊತ್ತು ಗುಡುಗಿದವನ ದನಿ ಮೆತ್ತಗಾಯಿತು.

"ಲೇ ನೂಲಾ, ನೀನು ಓದಿದೋಳು. ಅಜ್ಜಿ ಅವರು ಗಿವರು ಅಂತಾಳಲ್ಲ, ಅದೆಲ್ಲ ಸುಳ್ಳು ತಾನೆ?"

ಸುಳ್ಳು ಎಂಬ ಮಾತು ಅವಳ ನಾಲಿಗೆಯ ತುದಿಗೇ ಬಂದಿತ್ತು. ಬೆಳಿಗ್ಗೆಯಿಂದ ಅದನ್ನೇ ಹೇಳಿ ಹೇಳಿ ನಕ್ಕಿದ್ದಳಲ್ಲ! ಈಗ ಅದನ್ನು ನುಂಗಿಕೊಂಡಳು.

"ಬರ್ಟಿ ತಾತನ ಬಾಯಿ ಯಾವಾಗಿಂದ ಸೊಟ್ಟ, ಚಿಕ್ಕಪ್ಪ?"

ಚಿಕ್ಕಪ್ಪನ ಕೈ ತಾನಾಗಿಯೇ ಬಾಯಿಯ ಮೇಲೆ ಹೋಯಿತು. ಜೆಸಿಬಿ ಹಿಂದಕ್ಕೆ ಸರಿಯಿತು. "ಇವತ್ತು ಮಣ್ಣು ತುಂಬಾ ಒದ್ದೆ," ಎಂದು ಗೊಣಗಿದ, ಯಾರೂ ಕೇಳದಿದ್ದರೂ.

ಮನೆಗೆ ಬಂದಾಗ ಅಜ್ಜಿ ಇನ್ನೂ ಆಲೂಗಡ್ಡೆ ಹೆರೆಯುತ್ತಿದ್ದಳು. ನೂಲಾ ತಾನೂ ಒಂದು ಚಾಕು ತೆಗೆದುಕೊಂಡು ಪಕ್ಕದಲ್ಲಿ ಕೂತಳು.

"ಅಜ್ಜಿ, ಬರ್ಟಿ ತಾತನ ಕತೆ ಮೊದಲಿಂದ ಹೇಳು. ನಾನು ಕಲೀಬೇಕು."