ಬಿಸಿನೀರಿನಲ್ಲಿ ತೊಳೆದ ಬಾಟಲಿ

ಬೆಳಿಗ್ಗೆ ಒಂಬತ್ತಕ್ಕೆ ಬಾಟಲಿ ಸಿಕ್ಕಿತು. ಒಳಗಿದ್ದದ್ದು ಸಿಗಲಿಲ್ಲ.

ಪೆನ್ಸಿಲ್ ಮಾತ್ರ ತೂರುವಷ್ಟು ಕಿರಿಬಾಯಿಯ ಗಾಜಿನ ಬಾಟಲಿ. ಪ್ರಯೋಗಾಲಯದ ಸಿಂಕಿನ ಪಕ್ಕ, ತೊಳೆದ ಬಾಟಲಿಗಳ ರ್ಯಾಕಿನಲ್ಲಿ ತಲೆಕೆಳಗಾಗಿ ನಿಂತಿತ್ತು. ಅದರಲ್ಲಿದ್ದದ್ದು ಸಂಶೋಧಕಿಯ ಆರು ವರ್ಷದ ದುಡಿಮೆ: ಪಿಷ್ಟದ ಸಕ್ಕರೆಯಿಂದಲೇ ಮಾಡಿದ ಒಂದು ಚಮಚ ಅಂಟು. ಬೆಚ್ಚಗಿನ ಪೆಟ್ಟಿಗೆಯಲ್ಲಿ ಇರಬೇಕಾದದ್ದು. ಮರುದಿನ ಪರೀಕ್ಷಕರು ಬಂದು ನೋಡಿ, ತಮ್ಮ ಲ್ಯಾಬಿನಲ್ಲಿ ಪರೀಕ್ಷಿಸಲು ಸ್ವಲ್ಪ ಒಯ್ಯುವವರಿದ್ದರು.

ನಮ್ಮ ಭದ್ರತಾಧಿಕಾರಿ ಸಾಹೇಬರು ಮೂವತ್ತು ವರ್ಷ ಪೊಲೀಸ್ ಕೆಲಸ ಮಾಡಿ ಬಂದವರು. ನಾನು ಅವರ ಸಹಾಯಕ. ಇಬ್ಬರ ಮಂಡಿಗೂ ಒಂದೇ ವಯಸ್ಸು. ನಾಲ್ಕು ಮಹಡಿ ಹತ್ತುವಷ್ಟರಲ್ಲಿ ಹನ್ನೊಂದಾಗಿತ್ತು.

ಆಫೀಸಿನ ಮೇಲ್ವಿಚಾರಕ ಕಾಗದ ಹಿಡಿದೇ ನಿಂತಿದ್ದ.

"ಕೇಸ್ ಮುಗೀತು ಸರ್. ತಾತ ಒಪ್ಕೊಂಡಿದ್ದಾರೆ."

ತಾತ ಎಂದರೆ ಬಾಟಲಿ ತೊಳೆಯುವ ಅಟೆಂಡರ್. ನಿವೃತ್ತಿಗೆ ಹತ್ತೊಂಬತ್ತು ದಿನ ಬಾಕಿ. 'ನನ್ನಿಂದಲೇ ತಪ್ಪಾಗಿದೆ' ಎಂಬ ಸಾಲಿನ ಕೆಳಗೆ ನಡುಗಿದ ಸಹಿ. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಜನ ನಮ್ಮ ಆಫೀಸಿನವರು. ನನಗೆ ಬೇಸರವಾಯಿತು.

"ನೀವೇ ತೊಳೆದ್ರಾ?" ಸಾಹೇಬರು ಕೇಳಿದರು.

"ನೆನಪಿಲ್ಲ ಸರ್. ದಿನಾ ನೂರು ಬಾಟಲಿ. ರ್ಯಾಕಲ್ಲಿ ಇತ್ತು ಅಂದ್ಮೇಲೆ ನಾನೇ ಇರ್ಬೇಕು." ತಾತ ನೆಲ ನೋಡುತ್ತಿದ್ದರು.

"ಹೇಗೆ ತೊಳೀತೀರಿ?"

"ಬಿಸಿನೀರಲ್ಲಿ. ತಣ್ಣೀರು ಮುಟ್ಟಿದ್ರೆ ಬೆರಳು ಮರಗಟ್ಟತ್ತೆ. ವರ್ಷಗಳಿಂದ ಮುಟ್ಟಿಲ್ಲ."

ನೆಟ್ಟಗಾಗದ ಬೆರಳುಗಳು. ಸಿಂಕಿನ ಎರಡು ನಲ್ಲಿಗಳಲ್ಲಿ ಗೀಸರಿನದು ಮಾತ್ರ ಸವೆದು ಹೊಳೆಯುತ್ತಿತ್ತು.

"ಅದನ್ನೇ ನಾನೂ ಹೇಳಿದ್ದು," ಎಂದ ಮೇಲ್ವಿಚಾರಕ. "ಬಿಸಿನೀರಿಗೆ ಅಂಟೆಲ್ಲ ಕರಗಿ ಹೋಯ್ತು. ಅಲ್ವೇನಮ್ಮ?"

ಮೂಲೆಯ ಸ್ಟೂಲಿನ ಮೇಲಿದ್ದ ಸಂಶೋಧಕಿ ತಲೆ ಎತ್ತಲಿಲ್ಲ. "ಹೂಂ," ಎಂದಳು. ಕಣ್ಣಿನ ಸುತ್ತ ಕಪ್ಪುಗಟ್ಟಿತ್ತು.

"ಈ ಅಂಟಿನ ವಿಷಯ ಇನ್ಯಾರಿಗೆ ಗೊತ್ತು?" ಸಾಹೇಬರು ಅವಳನ್ನು ಕೇಳಿದರು.

"ನಮ್ಮ ಗೈಡಿಗೆ. ಅವರು ಹೋದ ವಾರವೇ ಬೇರೆ ಊರಿಗೆ ಹೋದ್ರು."

ಸಾಹೇಬರು ಗೋಡೆಯ ಹತ್ತಿರ ಹೋದರು. ಗೋಡೆಯ ಮೇಲೆ ಅವಳದೇ ಸಂಶೋಧನೆಯ ದೊಡ್ಡ ಪೋಸ್ಟರ್ ಇತ್ತು. ನಾಲ್ಕು ವರ್ಷ ಅದರ ಮುಂದೆ ಓಡಾಡಿದ್ದರೂ ನಾನು ಓದಿರಲಿಲ್ಲ. ಅವರು ಕನ್ನಡಕ ಏರಿಸಿ ಸಾಲು ಸಾಲಾಗಿ ಓದಿದರು. ಆಮೇಲೆ ಕುರ್ಚಿ ಎಳೆದುಕೊಂಡು ಕೂತು ಮಂಡಿ ಒತ್ತಿಕೊಂಡರು.

"ಬೆಣ್ಣೆ ಬಿಸಿಗೆ ಕರಗತ್ತೆ. ಎಲ್ಲರಿಗೂ ಗೊತ್ತಿರೋ ಮಾತು. ಅದಕ್ಕೇ ಯಾರೂ ಯೋಚನೆ ಮಾಡ್ಲಿಲ್ಲ," ಎಂದರು. "ಇದು ತಿರುಗಾಮುರುಗಾ. ಬಿಸಿಯಾದ್ರೆ ಸಕ್ಕರೆಯ ಸಣ್ಣ ಸಣ್ಣ ಉಂಗುರಗಳು ಒಂದನ್ನೊಂದು ಹಿಡ್ಕೊಂಡು ಗಟ್ಟಿಯಾಗ್ತವೆ. ತಣ್ಣಗಾದ್ರೆ ಕೈಬಿಟ್ಟು ನೀರಾಗ್ತವೆ. ಪೋಸ್ಟರಲ್ಲೇ ಇದೆ."

ಮೇಲ್ವಿಚಾರಕ ಪೋಸ್ಟರಿನತ್ತ ತಿರುಗಿದ.

"ಆ ಬಾಯಿಗೆ ಬ್ರಷ್ ಹೋಗಲ್ಲ. ತಾತ ಬಿಸಿನೀರು ಸುರಿದಷ್ಟೂ ಅಂಟು ಗಟ್ಟಿ ಆಗ್ತಿತ್ತೇ ಹೊರತು ಹೊರಗೆ ಬರ್ತಿರಲಿಲ್ಲ. ಯಾರೋ ಫ್ರಿಜ್ಜಲ್ಲಿಟ್ಟು ನೀರು ಮಾಡಿ, ಚೆಲ್ಲಿ, ತಾತನ ರ್ಯಾಕಲ್ಲಿ ಇಟ್ಟಿದ್ದಾರೆ."

"ಯಾರು ಸರ್?" ನಾನು ಕೇಳಿದೆ.

"ಬಿಸಿನೀರಿಗೆ ಕರಗಲ್ಲ ಅಂತ ಗೊತ್ತಿದ್ದೂ 'ಹೂಂ' ಅಂದವರು."

ಎಲ್ಲರೂ ಮೂಲೆಯ ಸ್ಟೂಲಿನತ್ತ ತಿರುಗಿದೆವು. ಸಂಶೋಧಕಿ ಅಳಲಿಲ್ಲ. ಅಳುವುದಕ್ಕೂ ತ್ರಾಣ ಬೇಕಲ್ಲ.

"ಬರೀ ಸಕ್ಕರೆಯಿಂದ ಅದು ಗಟ್ಟಿಯಾಗ್ಲೇ ಇಲ್ಲ ಸರ್," ಎಂದಳು. "ಐದು ವರ್ಷ ನೋಡಿದೆ. ಕೊನೆಗೆ ಅಂಗಡಿಯ ಕೆಮಿಕಲ್ ಬೆರೆಸ್ದೆ. ಎಲ್ಲಾ ಸಕ್ಕರೆ ಅಂತ ಪ್ರಬಂಧದಲ್ಲಿ ಬರೆದೆ. ಪರೀಕ್ಷಕರು ಒಯ್ದಿದ್ರೆ ಒಂದೇ ದಿನದಲ್ಲಿ ಗೊತ್ತಾಗ್ತಿತ್ತು." ಸ್ವಲ್ಪ ತಡೆದು, "ತಾತನ ಹೆಸರು ನಾನು ಹೇಳಿಲ್ಲ," ಎಂದಳು.

"ರ್ಯಾಕಲ್ಲಿ ಇಟ್ರಿ. ಹೆಸರು ಹೇಳೋ ಅಗತ್ಯ ಬೀಳ್ಲಿಲ್ಲ."

ನನಗೆ ಸಿಟ್ಟೂ ಬಂತು, ಅಯ್ಯೋ ಪಾಪ ಎಂದೂ ಅನ್ನಿಸಿತು. ಎರಡೂ ಒಟ್ಟಿಗೆ ಬಂದರೆ ಬಹಳ ಆಯಾಸವಾಗುತ್ತದೆ.

ತಾತ ಅವಳನ್ನು ಬೈಯುತ್ತಾರೆ ಅಂದುಕೊಂಡಿದ್ದೆ. ಅವರು ಅವಳ ಕಡೆ ನೋಡಲೇ ಇಲ್ಲ. ಸಾಹೇಬರ ಹತ್ತಿರ ಬಂದು ಮೆಲ್ಲಗೆ ಕೇಳಿದರು:

"ಹಾಗಾದ್ರೆ ನಾನು ತೊಳೆದಿಲ್ಲ, ಅಲ್ವಾ ಸರ್?"

"ಇಲ್ಲ."

"ಮರೆತಿದ್ದಲ್ಲ. ತೊಳೆದೇ ಇಲ್ಲ."

"ತೊಳೆದೇ ಇಲ್ಲ."

"ನಮ್ಮಣ್ಣನಿಗೆ ಹೀಗೇ ಶುರುವಾಗಿದ್ದು," ಎಂದರು ತಾತ. "ಮೊದಲು ಪಾತ್ರೆ ಎಲ್ಲಿಟ್ಟೆ ಅನ್ನೋದು ಮರೀತಿದ್ದ. ಕೊನೆಗೆ ನನ್ನೇ ಯಾರು ಅಂತ ಕೇಳಿದ. ನನಗೂ ಬಂತು ಅಂದ್ಕೊಂಡು ಸಹಿ ಹಾಕ್ಬಿಟ್ಟೆ."

ಅವರು ಮೇಲ್ವಿಚಾರಕನ ಮುಂದೆ ಕೈಚಾಚಿದರು. ಅವನು ಕಾಗದ ಕೊಟ್ಟ. ತಾತ ಅದನ್ನು ಹರಿಯಲಿಲ್ಲ. ನಾಲ್ಕು ಮಡಿಕೆ ಮಾಡಿ ಜೇಬಿಗಿಟ್ಟು, ಜೇಬಿನ ಗುಂಡಿ ಹಾಕಿ, ಎಲ್ಲಿಟ್ಟೆ ಎಂದು ಇನ್ನೊಮ್ಮೆ ಮುಟ್ಟಿ ನೋಡಿಕೊಂಡರು.